ಎಡಗಡೆಯ ಹಾಡು

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಗುಬ್ಬಿಗೆ ಅಮ್ಮನ ಅಕ್ಕರೆ.

ಫೋನ್ ಮಾಡಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಮಾಡಿದ್ದರೆ ನೀನು ನಡುವೆ ಬಾಯಿ ಹಾಕುತ್ತಿದ್ದೆ, ನಾನು ಮಾತು ಮರೆಸುತ್ತಿದ್ದೆ, ಕೊನೆಗೆ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆವು. ಕಾಗದವಾದರೆ ನೀನು ಕೊನೆಯವರೆಗೆ ಓದಬೇಕು, ನಾನೂ ಕೊನೆಯವರೆಗೆ ಬರೆಯಬೇಕು.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ನೀನು ಕಳಿಸಿದ ಹೊಸ ಇಯರ್‌ಫೋನ್ ಹಾಕಿದ ಮೇಲೆ ನೀನು ಕೊಟ್ಟ ಹಾಡಿನ ಪ್ಲೇಯರ್ ಎರಡೂ ಕಡೆ ಚೆನ್ನಾಗಿ ಕೇಳಿಸುತ್ತಿದೆ ಎಂದು ಹೋದ ತಿಂಗಳು ಬರೆದಿದ್ದೆನಲ್ಲ, ಅದು ಸುಳ್ಳು.

ನಿನ್ನ ಉಡುಗೊರೆ ನನಗೆ ಹಿಡಿಸಲಿಲ್ಲ ಎಂದುಕೊಳ್ಳಬೇಡ. ಬೆಂಕಿಪೊಟ್ಟಣದಷ್ಟು ವಸ್ತು, ಅದರೊಳಗೆ ನೀನೇ ಕೂತು ತುಂಬಿಸಿದ ಇನ್ನೂರು ಹಾಡು. ಫ್ಯಾಕ್ಟರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಗುಂಡಿ ಒತ್ತಿದರೆ ಮುಕ್ಕಾಲು ಗಂಟೆಯ ದಾರಿ ಹೇಗೆ ಸರಿಯಿತೋ ಗೊತ್ತೇ ಆಗುತ್ತಿರಲಿಲ್ಲ. ಮುಂದಿನ ಹಾಡಿಗೆ ಹೋಗುವುದು ಕಲಿತೆ, ಹಿಂದಿನದಕ್ಕೆ ಬರುವುದು ಮಾತ್ರ ಇವತ್ತಿಗೂ ಗೊತ್ತಿಲ್ಲ. ಇಷ್ಟವಾದ ಹಾಡು ಇನ್ನೊಮ್ಮೆ ಬೇಕೆಂದರೆ ಇನ್ನೂರನ್ನೂ ಸುತ್ತಿ ಬರಬೇಕು. ನಿಮ್ಮಪ್ಪ ನಗುತ್ತಾರೆ. ನಗಲಿ ಬಿಡು.

ಆ ಹಳೆಯ ಜೋಡಿಹಾಡು ಹೇಗಿದೆ ಎಂದು ಕೇಳಿದ್ದೆ ನೀನು. ಗಂಡಸು ಬಲಗಿವಿಯಲ್ಲಿ ಕೇಳುತ್ತಾನೆ, ಹೆಂಗಸು ಎಡಗಿವಿಯಲ್ಲಿ ಉತ್ತರ ಕೊಡುತ್ತಾಳೆ, ನಡುವೆ ಕೂತ ಹಾಗಿರುತ್ತದೆ ಅಲ್ವಾ ಎಂದು. ಹೌದು ಕಣೇ ಎಂದೆ. ನನಗೆ ಕೇಳಿಸುತ್ತಿದ್ದದ್ದು ಆ ಗಂಡಸು ಮಾತ್ರ. ಒಂದು ಸಾಲು ಹಾಡುವನು, ಸ್ವಲ್ಪ ಹೊತ್ತು ಖಾಲಿ, ಮತ್ತೆ ಅವನೇ. ಪಾಪ, ಒಬ್ಬನೇ ಮಾತಾಡಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದೆ. ನಿನ್ನ ಮಾತನ್ನು ಯೋಚಿಸಿ, ಎಡಗಡೆಯ ತಂತಿ ಹೋಗಿದೆ ಎಂದು ಮುಂದಿನ ಸಲ ಹೇಳಿದೆ. ನೀನು ಹೊಸದು ಕಳಿಸಿದೆ. ಅದರಲ್ಲೂ ಹಾಗೇ. ಪ್ಲೇಯರಿಗೇ ಏನೋ ಆಗಿದೆ ಎಂದು ಒಂದು ಶನಿವಾರ ಬಸ್ ನಿಲ್ದಾಣದ ಎದುರಿನ ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವನು ಎರಡನ್ನೂ ತನ್ನ ಕಿವಿಗೆ ಸಿಕ್ಕಿಸಿಕೊಂಡ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ತಲೆ ಆಡಿಸಿದ, ಗುಂಡಿ ಒತ್ತಿದ, ಮತ್ತೆ ತಲೆ ಆಡಿಸಿದ. ಆಮೇಲೆ ತೆಗೆದು ಒರೆಸಿ ಕೊಟ್ಟ. "ಎರಡೂ ಕಡೆ ಸರಿಯಾಗಿ ಬರ್ತಿದೆ ಅಮ್ಮಾ. ಏನೂ ಆಗಿಲ್ಲ ಇದಕ್ಕೆ" ಅಂದ. ತಂತಿ ಸಡಿಲ ಇರಬೇಕು, ಒಮ್ಮೆ ಬರುತ್ತೆ ಒಮ್ಮೆ ಹೋಗುತ್ತೆ ಎಂದು ಏನೋ ಹೇಳಿ ಮೆಟ್ಟಿಲಿಳಿದೆ.

ಮನೆಗೆ ಬಂದು, ನಿಮ್ಮಪ್ಪ ಸ್ನಾನಕ್ಕೆ ಹೋಗುವವರೆಗೆ ಕಾದು, ಅಡುಗೆಮನೆಯಲ್ಲಿ ನಿಂತು ಎಡಗಡೆಯದನ್ನು ಬಲಗಿವಿಗೆ ಹಾಕಿಕೊಂಡೆ. ಹೆಂಗಸು ಎಷ್ಟು ಸ್ಪಷ್ಟವಾಗಿ ಹಾಡಿದಳು ಗೊತ್ತಾ? ಅದನ್ನೇ ತೆಗೆದು ಎಡಗಿವಿಗೆ ಹಾಕಿ ಶಬ್ದವನ್ನು ಪೂರ್ತಿ ಏರಿಸಿದೆ. ಯಾರೋ ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಗುನುಗಿದ ಹಾಗೆ, ಅಷ್ಟೆ. ಅವತ್ತೇ ಕೂತು ನಿನಗೆ ಆ ಸುಳ್ಳು ಪತ್ರ ಬರೆದೆ.

ಬೇರೆ ಯಾರಿಗಾದರೂ ಒಂದು ಕಿವಿ ಮಂದವಾದರೆ ಒಂದು ಕಿವಿ ಮಂದವಾಯಿತು, ಮುಗಿಯಿತು. ನನ್ನ ಕೆಲಸ ನಿನಗೆ ಗೊತ್ತು. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ನಮ್ಮ ಫ್ಯಾನ್ ಫ್ಯಾಕ್ಟರಿಗೆ ಬಂದು ನನ್ನ ಕೋಣೆ ನೋಡಿದ್ದೆ. ಗೋಡೆಗೆಲ್ಲ ದಪ್ಪ ಸ್ಪಂಜು, ಮೇಲೆ ನಾಲ್ಕು ಕೊಕ್ಕೆ, ಕೊಕ್ಕೆಗೊಂದು ಫ್ಯಾನು. ತಿರುಗಿಸುತ್ತೇನೆ, ಕೇಳುತ್ತೇನೆ. ಗಾಳಿಯ ಸದ್ದಿನ ಅಡಿಯಲ್ಲಿ ಬೇರಿಂಗು ಕರಕರ ಎಂದರೆ ವಾಪಸ್, ಇಲ್ಲವಾದರೆ ಸೀಲು. ಇಪ್ಪತ್ತೊಂದು ವರ್ಷ ಇದನ್ನೇ ಮಾಡಿದ್ದೇನೆ. ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ನಾನು ಕಿವಿಯಮ್ಮ.

ಆ ಶನಿವಾರ ಕಳೆದು ಸೋಮವಾರ ಹೋದರೆ, ಅಂಗಡಿಗಳಿಂದ ಹದಿನೇಳು ಫ್ಯಾನು ವಾಪಸ್ ಬಂದಿದ್ದವು. ಎಲ್ಲ ಸದ್ದು ಮಾಡುತ್ತವೆ ಎಂಬ ದೂರು. ಹದಿನೇಳರ ಮೇಲೂ ನನ್ನ ಸೀಲು. ಕಿವಿಯಮ್ಮನ ಕಿವಿ ತಪ್ಪುವುದಿಲ್ಲ, ಇಲ್ಲಿ ಸರಿಯಿದ್ದದ್ದು ವಾರದೊಳಗೆ ಕೆಟ್ಟಿದೆ ಎಂದರೆ ಗ್ರೀಸ್ ಸರಿಯಾಗಿ ತುಂಬಿಲ್ಲ ಎಂದರು ಮ್ಯಾನೇಜರ್. ಬೇರಿಂಗ್ ಕೂರಿಸಿ ಗ್ರೀಸ್ ತುಂಬುವವನು ನಾವೆಲ್ಲ ಎಣ್ಣೆಕೈ ಎಂದು ಕರೆಯುವವನು. ನೀನು ನೋಡಿಲ್ಲ ಅವನನ್ನು. ನನಗಿಂತ ಎರಡು ವರ್ಷ ಹಳಬ, ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗದವನು. ವಿಚಾರಣೆ ಮುಗಿಯುವವರೆಗೆ ಎಂದು ಅವನನ್ನು ಬೆಂಚಿನಿಂದ ಎಬ್ಬಿಸಿ ರಟ್ಟಿನ ಡಬ್ಬ ಮಡಿಚಲು ಹಾಕಿದರು.

ನಾನು ಏನು ಮಾಡಿದೆ ಕೇಳು. ಸುಮ್ಮನಿದ್ದೆ. ಆ ಶನಿವಾರದಿಂದ ಎಣಿಸಿದರೆ ಹತ್ತೊಂಬತ್ತು ದಿನ.

ಆ ದಿನಗಳಲ್ಲಿ ಪ್ರತಿ ಫ್ಯಾನನ್ನೂ ಎರಡೆರಡು ಸಲ ತಿರುಗಿಸಿದೆ, ಬಲಗಿವಿ ತಿರುಗಿಸಿ ಏಣಿ ಹತ್ತಿ ಹತ್ತಿರ ಹೋಗಿ ಕೇಳಿದೆ. ಇಲ್ಲದ ಸದ್ದು ಇದ್ದ ಹಾಗೆ ಅನಿಸುತ್ತಿತ್ತು, ಇದ್ದದ್ದು ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಕೆಲಸ ನಿಧಾನವಾಯಿತು, ಸೂಪರ್‌ವೈಸರ್ ಬಂದು ಹುಷಾರಿಲ್ವಾ ಎಂದು ವಿಚಾರಿಸಿದರು. ಬಸ್ಸಿನಲ್ಲಿ ಬರುವಾಗ ಪ್ಲೇಯರ್ ಹಚ್ಚಿಕೊಂಡು ಆ ಜೋಡಿಹಾಡು ಬರುವವರೆಗೆ ಕಾಯುತ್ತಿದ್ದೆ. ಇವತ್ತಾದರೂ ಎಡಗಡೆ ಕೇಳಿಸೀತೇನೋ ಎಂದು. ಹುಚ್ಚು ನೋಡು.

ಹೋದ ಗುರುವಾರ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಕೂತಿದ್ದೆ. ತುತ್ತು ಬಾಯಿಗಿಡುತ್ತಿದ್ದೆ, ಎದುರು ಕೂತ ಲೇಬಲ್ ಹಚ್ಚುವವಳು ನನ್ನನ್ನೇ ಒಂದು ಥರ ನೋಡುತ್ತಿದ್ದಳು. ಏನೇ ಎಂದೆ. "ಆ ಮನುಷ್ಯ ಪಕ್ಕದಲ್ಲೇ ನಿಂತು ಅಷ್ಟು ಕೇಳ್ಕೊಂಡ. ಒಂದು ಮಾತಾದ್ರೂ ಆಡಬಾರದಿತ್ತಾ?" ಅಂದಳು. ತಿರುಗಿ ನೋಡಿದರೆ ಎಣ್ಣೆಕೈ ಬಾಗಿಲು ದಾಟುತ್ತಿದ್ದ. ನನ್ನ ಎಡಗಡೆ ಬಂದು ನಿಂತಿದ್ದನಂತೆ. ಇವನು ಗ್ರೀಸ್ ತುಂಬದೆ ಬಿಡುವವನಲ್ಲ ಎಂದು ಮ್ಯಾನೇಜರಿಗೆ ನೀವೊಂದು ಮಾತು ಹೇಳಿ, ನಿಮ್ಮ ಮಾತು ನಡೆಯುತ್ತೆ ಎಂದನಂತೆ. ನಾನು ತಲೆ ಎತ್ತದೆ ಊಟ ಮಾಡುತ್ತಾ ಇದ್ದೆನಂತೆ.

ತಟ್ಟೆ ಹಾಗೇ ಬಿಟ್ಟು ಎದ್ದೆ. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ಮ್ಯಾನೇಜರ್ ಕೋಣೆಗೆ ಹೋಗಿ, "ನನಗೆ ಎಡಗಿವಿ ಕೇಳಿಸ್ತಿಲ್ಲ ಸಾರ್. ಬೇರಿಂಗೇ ಕೆಟ್ಟು ಬಂದಿದ್ರೂ ನನಗೆ ಗೊತ್ತಾಗಿಲ್ಲ. ತಪ್ಪು ಅವನದಲ್ಲ" ಅಂದೆ. ಅವರು ನಂಬಲಿಲ್ಲ. ಅವನ ಮೇಲಿನ ಕನಿಕರಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಮರುದಿನ ಎಂಟು ಫ್ಯಾನು ತರಿಸಿ, ಮೂರಕ್ಕೆ ಬೇಕೆಂದೇ ಕೆಟ್ಟ ಬೇರಿಂಗ್ ಹಾಕಿಸಿ, ಯಾವುದೆಂದು ನನಗೆ ಹೇಳದೆ ಕೇಳಲು ಬಿಟ್ಟರು. ಒಂದನ್ನು ಹಿಡಿದೆ. ಉಳಿದ ಎರಡಕ್ಕೂ ಸೀಲು ಒತ್ತಿದೆ, ಗುಬ್ಬಿ, ಪೂರ್ತಿ ಧೈರ್ಯದಿಂದ ಒತ್ತಿದೆ. ಅವರು ಮೇಜಿನ ಮೇಲಿದ್ದ ಸೀಲನ್ನು ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು.

ಎಣ್ಣೆಕೈಯನ್ನು ಅವತ್ತೇ ಅವನ ಬೆಂಚಿಗೆ ಕರೆದು ಕೂರಿಸಿದರು. ಸಂಜೆ ಬಸ್ ಹತ್ತುವ ಕಡೆ ಅವನ ಹತ್ತಿರ ಹೋದೆ. ನನಗೆ ಗೊತ್ತಾಗಿ ಎಷ್ಟು ದಿನವಾಯಿತು ಎಂದು ಕೇಳಿದ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ, ಹೇಳಿದೆ. "ಅಷ್ಟು ದಿನ ನಾನು ಡಬ್ಬ ಮಡಿಚೋದನ್ನ ನೋಡ್ತಾ ಇದ್ರಲ್ಲ" ಅಂದು ಹಿಂದಿನ ಸೀಟಿಗೆ ಹೋಗಿ ಕೂತ. ಆಮೇಲೆ ಮಾತಾಡಿಲ್ಲ. ಮಾತಾಡಿಸಲಿ ಎಂದು ಕೇಳಲು ನನಗೆ ಮುಖವೂ ಇಲ್ಲ.

ಈಗ ನಾನು ಬಿಡಿಭಾಗಗಳ ಉಗ್ರಾಣದಲ್ಲಿ ತಿರುಪು ವಿಂಗಡಿಸುತ್ತಿದ್ದೇನೆ. ನಿನ್ನೆ ಕಿವಿ ಡಾಕ್ಟರ್ ಹತ್ತಿರ ಹೋಗಿದ್ದೆವು. ಆಕೆ ತಟ್ಟಿದರೆ ನಾದ ಬರುವ ಒಂದು ಕಬ್ಬಿಣದ ಕವಲನ್ನು ಮಿಡಿದು ಎಡಗಿವಿಯ ಮುಂದೆ ಹಿಡಿದರು, ಕೇಳಿಸಲಿಲ್ಲ. ಅದನ್ನೇ ಕಿವಿಯ ಹಿಂದಿನ ಮೂಳೆಗೆ ಒತ್ತಿದರು, ಗಂಟೆಯ ಹಾಗೆ ಕೇಳಿಸಿತು. ನರ ಚೆನ್ನಾಗಿದೆ, ಒಳಗಿನ ಪುಟ್ಟ ಮೂಳೆಯೊಂದು ಬಿಗಿದುಕೊಂಡಿದೆಯಂತೆ. ಬಲಗಿವಿಯಲ್ಲೂ ಶುರುವಾಗಿದೆ. ಎಡಗಡೆಗೆ ಮುಂದಿನ ತಿಂಗಳು ಆಪರೇಷನ್. ಹೆಚ್ಚಿನವರಿಗೆ ಸರಿಹೋಗುತ್ತದೆ ಎಂದರು. ಹೆಚ್ಚಿನವರು ಎಂದರೆ ಎಷ್ಟು ಜನ ಎಂದು ಕೇಳಲು ಧೈರ್ಯ ಬರಲಿಲ್ಲ. ನಿಮ್ಮಪ್ಪನಿಗೆ ಎಲ್ಲ ಹೇಳಿದ್ದೇನೆ. ಊಟಕ್ಕೆ ಕೂತಾಗಲೆಲ್ಲ ಅವರು ನನ್ನ ಎಡಗಡೆಯೇ ಕೂರುವುದಲ್ಲವಾ? ಇಷ್ಟು ದಿನ ನಾನು ಗೋಡೆಗೆ ಹೇಳ್ತಿದ್ನಾ ಎಂದು ನಕ್ಕರು. ಆಮೇಲೆ ಎದ್ದು ಬಲಗಡೆ ಬಂದು ಕೂತರು.

ಆಪರೇಷನ್‌ಗೆ ಬರುತ್ತೇನೆಂದು ರಜೆ ಹಾಕಬೇಡ. ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ತಿನ್ನು.

ಇಂತಿ,
ನಿನ್ನ ಅಮ್ಮ

ತಾ.ಕ.: ಇಷ್ಟು ಬರೆದು ಮಡಿಚಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಇದು ಮನೆತನದಲ್ಲಿ ಇಳಿದು ಬರಬಹುದು, ಮಕ್ಕಳಿದ್ದರೆ ಅವರ ಕಿವಿಯನ್ನೂ ತೋರಿಸಿ ಎಂದರು ಡಾಕ್ಟರ್. ಅವರು ಕೊಟ್ಟ ಚೀಟಿ ಇದರ ಜೊತೆಗಿದೆ, ಈ ವಾರವೇ ಹೋಗು. ಕಳೆದ ಸಲ ನೀನು ಬಂದಿದ್ದಾಗ, ಹೊರಡುವ ಹಿಂದಿನ ದಿನ ನೀನು ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಿಚುತ್ತಿದ್ದೆ. ಅಡುಗೆಮನೆಯಿಂದ ನಿನ್ನನ್ನು ಎರಡು ಸಲ ಕೂಗಿದೆ. ನೀನು ತಿರುಗಲಿಲ್ಲ. ಬೆಳಿಗ್ಗೆ ನಾನು ಗದರಿದ್ದಕ್ಕೆ ಮುನಿಸಿಕೊಂಡಿದ್ದೀಯ ಎಂದುಕೊಂಡು ಸುಮ್ಮನಾಗಿದ್ದೆ. ಚೀಟಿ ಹಿಡಿದು ಹೋಗುವ ಮೊದಲು, ಅವತ್ತು ನಿನಗೆ ನಿಜವಾಗಿಯೂ ನನ್ನ ಮೇಲೆ ಕೋಪವಿತ್ತು ಎಂದು ನನಗೆ ಒಂದು ಸಾಲು ಬರೆ.