ಪುಸ್ತಕದಲ್ಲಿ ಇಲ್ಲದ ಮನೆ

ಸೆಪ್ಟೆಂಬರ್ 24, ಮಂಗಳವಾರ

ಎಂಟು ಕಿಲೋ ಕಾಫಿ ಬೀಜ ಹುರಿದೆ. ಎರಡನೇ ಸುತ್ತು ಸ್ವಲ್ಪ ಕಪ್ಪಾಯಿತು. ಕಣ್ಣು ಡ್ರಮ್ಮಿನ ಮೇಲೆ ಇರಲಿಲ್ಲ, ಎದುರುಗಡೆ ಇತ್ತು. ಅಲ್ಲಿ ಬೋರ್ಡು ಏರಿಸುತ್ತಿದ್ದರು — 'ಗುಣಾ ಪ್ರೀಮಿಯಂ ಕಾಫಿ'. ಅಕ್ಷರದೊಳಗೆ ದೀಪ. ಹಾಡುಹಗಲಲ್ಲೂ ಉರಿಯುತ್ತಿವೆ.

ಗುಣಶೇಖರ. ನನ್ನ ಅಕ್ಕನ ಮಗ. ಒಂಬತ್ತು ವರ್ಷ ನನ್ನ ಡ್ರಮ್ಮು ತಿರುಗಿಸಿದವನು. ಬೀಜ ಸಿಡಿಯುವ ಮೊದಲ ಸದ್ದು ಯಾವುದು, ಎರಡನೆಯದು ಯಾವುದು ಎಂದು ಕಿವಿ ಹಿಂಡಿ ಕಲಿಸಿದ್ದು ನಾನು. ಆಷಾಢದಲ್ಲಿ, ನಮ್ಮ ಆಡಿ ತಿಂಗಳಲ್ಲಿ, "ಮೈ ಸರಿಯಿಲ್ಲ ಮಾಮಾ" ಎಂದು ಮನೆಗೆ ಹೋದ. ಮೈ ಸರಿಯಾದ ಮೇಲೆ ಬಂದದ್ದು ಎದುರಂಗಡಿಗೆ.

ಅದನ್ನಾದರೂ ನುಂಗಬಹುದಿತ್ತು. ನಾನು ತಿರುವಾರೂರಿನ ಮದುವೆಗೆ ಹೋಗಿದ್ದ ದಿನ ನನ್ನ ಗಿರಾಕಿ ಪುಸ್ತಕವನ್ನು ಪುಟಪುಟವಾಗಿ ಮೊಬೈಲಿನಲ್ಲಿ ಹಿಡಿದಿದ್ದಾನೆ. ಝೆರಾಕ್ಸ್ ಅಂಗಡಿಯ ಮುತ್ತುವೇಲು ಪ್ರಿಂಟ್ ತೆಗೆದುಕೊಟ್ಟನಂತೆ. ನೂರ ಹನ್ನೆರಡು ಹಾಳೆ. ನಿನ್ನೆ ಬಂದು ಹೇಳಿ ಹೋದ, ಮುಖ ತೋರಿಸಲಾಗದೆ.

ಮುನ್ನೂರ ನಲವತ್ತು ಮನೆ. ಯಾವ ಮನೆಗೆ ಯಾವ ಬೀಜ, ಎಷ್ಟು ಚಿಕೋರಿ, ಎಷ್ಟು ನುಣುಪು. ಎಲ್ಲಕ್ಕಿಂತ ದೊಡ್ಡದು — ಯಾವ ಮನೆಯ ಡಬ್ಬ ಯಾವತ್ತು ಖಾಲಿಯಾಗುತ್ತದೆ. ಈ ವಿದ್ಯೆಯನ್ನು ನಮ್ಮೂರು ಮಾಯವರಂನಲ್ಲಿ ಕಂಡುಹಿಡಿದವನು ನಾನೊಬ್ಬನೇ. ಓದಿದ್ದು ಮಣಲ್ಮೇಡು ಶಾಲೆಯಲ್ಲಿ ಏಳನೇ ಕ್ಲಾಸು. ನಾಲ್ಕು ಜನರ ಮನೆ, ಅರ್ಧ ಕಿಲೋ, ಹದಿನಾರು ದಿನ. ಹದಿನಾಲ್ಕನೇ ದಿನ ಬೆಳಗ್ಗೆ ಬಾಗಿಲಲ್ಲಿ ನನ್ನ ಸೈಕಲ್ ಬೆಲ್ಲು. ಹೊಸಿಲ ಹತ್ತಿರ ಹೊಸ ಚಪ್ಪಲಿ ಕಂಡರೆ ನೆಂಟರು ಬಂದಿದ್ದಾರೆ, ಎರಡು ದಿನ ಕಳೆ. "ಈಗಷ್ಟೇ ನಿಮ್ಮನ್ನ ನೆನೆಸ್ಕೊಂಡೆ ನೋಡಿ" ಎನ್ನುತ್ತಾರೆ ಮನೆಯಾಕೆ. ಇಪ್ಪತ್ತೆರಡು ವರ್ಷದಿಂದ ಎಲ್ಲರೂ ಈಗಷ್ಟೇ ನೆನೆಸಿಕೊಳ್ಳುತ್ತಿದ್ದಾರೆ!

ಆ ದೀಪ ಆರಿಸದಿದ್ದರೆ ನನ್ನ ಹೆಸರು ಸಟ್ಟೈನಾದನ್ ಅಲ್ಲ.

ಸೆಪ್ಟೆಂಬರ್ 27

ಎದುರುಗಡೆ ಉದ್ಘಾಟನೆ. ಪೇಪರಿನೊಳಗೆ ಬಣ್ಣದ ಕರಪತ್ರ, ಒಂದು ಕಿಲೋಗೆ ಡಬರಾ-ಲೋಟ ಉಚಿತ. ಹೆಂಡತಿ ತೈಯಲ್‌ನಾಯಕಿ ಒಂದು ಹಾರವಾದರೂ ಕಳಿಸಿ, ಅಕ್ಕನ ಮಗನಲ್ಲವೇ ಎಂದಳು. ಕಳಿಸಿದೆ, ಹಾರವನ್ನಲ್ಲ. ಹತ್ತೂವರೆಗೆ ಪಡುವಣ ಗಾಳಿ ಏಳುತ್ತದೆ, ನನಗೆ ಗೊತ್ತು. ಸರಿಯಾಗಿ ಅದೇ ಹೊತ್ತಿಗೆ ಆರು ಕಿಲೋ ಪೀಬೆರಿ ಗುಂಡು ಬೀಜ ಡ್ರಮ್ಮಿಗೆ ಸುರಿದು ಬಾಗಿಲು ಪೂರ್ತಿ ತೆರೆದಿಟ್ಟೆ. ಅವನದು ಕರೆಂಟ್ ಮಿಷನ್ನು. ಹೊಗೆಯೆಲ್ಲ ಪೈಪಿನಲ್ಲಿ ಆಕಾಶಕ್ಕೆ. ರಿಬ್ಬನ್ ಕತ್ತರಿಸಲು ಬಂದವರೆಲ್ಲ ಮೂಗನ್ನು ನನ್ನ ಕಡೆ ತಿರುಗಿಸಿ ನಿಂತಿದ್ದರು.

ಅಕ್ಕ ಸೌಂದರವಲ್ಲಿ ಆಟೋದಲ್ಲಿ ಬಂದಳು. ದೀಪ ಹಚ್ಚಿದಳು. ನಡುವೆ ಇರುವುದು ಹನ್ನೆರಡಡಿ ರಸ್ತೆ. ಈ ಕಡೆ ಕತ್ತು ತಿರುಗಿಸಲಿಲ್ಲ.

ಇರಲಿ. ನನಗೂ ಕತ್ತಿದೆ.

ಅಕ್ಟೋಬರ್ 4

ತಹಸೀಲ್ದಾರ್ ವೇದರತ್ನಂ ಮನೆ. ಹದಿನಾಲ್ಕನೇ ದಿನ. ಬೆಲ್ಲು ಬಾರಿಸಿದೆ. ರಿಟೈರಾಗಿ ಹತ್ತು ವರ್ಷವಾದರೂ ಮೀಸೆ ಇನ್ನೂ ಸರ್ವಿಸಿನಲ್ಲಿರುವ ಮನುಷ್ಯ. ನಿನ್ನೆಯೇ ಗುಣ ಬಂದು ಕೊಟ್ಟು ಹೋದನಲ್ಲ ಎಂದರು. ಮುಂದಿನ ಮನೆ, ಅದೇ. ಅದರ ಮುಂದಿನದು, ಅದೇ. ಹದಿಮೂರನೇ ದಿನವೇ ಹೋಗುತ್ತಿದ್ದಾನೆ. ನನ್ನ ಲೆಕ್ಕ, ಅವನ ಸ್ಕೂಟರು. ಒಂದು ವಾರದಲ್ಲಿ ನಲವತ್ತು ಮನೆ ಹೋದವು. ಹೀಗೇ ಹೋದರೆ ಪೊಂಗಲಿಗೆ ನಾನು ಅಂಗಡಿ ಮುಚ್ಚಬೇಕು.

ಸಂಜೆ 5

ಮೇಲಿನದನ್ನು ಓದಿದೆ. ಅಳುಬುರುಕನ ಬರವಣಿಗೆ. ಮೂರ್ಖ ನಾನು! ಈಗ ನಗುತ್ತಾ ಬರೆಯುತ್ತಿದ್ದೇನೆ.

ಪುಸ್ತಕದಲ್ಲಿರುವುದು ಗಿರಾಕಿಯ ಬಾಯಿ. ನನ್ನ ಕೈ ಅಲ್ಲ.

ವೇದರತ್ನಂ ಹೆಸರಿನ ಮುಂದೆ 'ಶುದ್ಧ ಪೀಬೆರಿ, ಚಿಕೋರಿ ಒಂದು ಕಾಳೂ ಕೂಡದು' ಎಂದಿದೆ. ಅವರು ನಾಲ್ಕು ಜನರೆದುರು ಹೇಳಿದ್ದು ಅದು. ಅದೇ ವಾರ ಅವರ ಹೆಂಡತಿ ಹಿತ್ತಲ ಬಾಗಿಲಲ್ಲಿ ಕರೆದು ಹೇಳಿದ್ದು ಬೇರೆ: "ಚಿಕೋರಿ ಇಲ್ದಿದ್ರೆ ಡಿಕಾಕ್ಷನ್ ನೀರು ನೀರು, ಲೋಟ ಎತ್ತಿ ಎಸೀತಾರೆ. ನೂರಕ್ಕೆ ಇಪ್ಪತ್ತೈದು ಹಾಕ್ಬಿಡಿ. ಅವ್ರು ಕಂಡುಹಿಡಿದ್ರೆ ನನ್ನ ಮೂಗು ಕೊಯ್ಯಿರಿ." ಅಂದಿನಿಂದ ಇಪ್ಪತ್ತೈದು. ಮೂಗು ಭದ್ರವಾಗಿದೆ. ಲಾಯರ್ ಮನೆಯವರು ಬರೆಸಿದ್ದು ನೂರಕ್ಕೆ ಇಪ್ಪತ್ತು ಚಿಕೋರಿ. ಹಾಲು ಜಾಸ್ತಿ ಸುರಿಯುತ್ತಾರೆ, ಆದ್ದರಿಂದ ಮೂವತ್ತೈದು ಹಾಕುತ್ತೇನೆ. ಸಂಗೀತದ ಟೀಚರಮ್ಮನ ಬಾವಿಯ ನೀರು ಗಡುಸು. ಆಕೆಗೆ ಬೀಜವೇ ಬೇರೆ. ಹೆಚ್ಚಿಗೆ ಬೆಲೆ ಯಾರಿಂದಲೂ ತೆಗೆದುಕೊಂಡಿಲ್ಲ, ಆ ಪಾಪ ಬೇಡ. ಹಾಕಿದ್ದು ಮಾತ್ರ ಹೇಳಿಲ್ಲ.

ಗುಣ ಹುರಿದ, ಪುಡಿ ಮಾಡಿದ, ಹೊತ್ತು ತಂದ. ಬೆರೆಸಿದ್ದು ಮಾತ್ರ ಯಾವಾಗಲೂ ನಾನು, ತಟ್ಟಿಯ ಹಿಂದೆ.

ನನ್ನ ಕೈಚಳಕಕ್ಕೆ ಊರೇನು, ಸ್ವಂತ ಅಕ್ಕನೇ ಮಣಿದಿದ್ದಾಳೆ. ಎಂಟು ವರ್ಷದ ಹಿಂದೆ ಎದೆ ಡವಡವ ಎಂದು ಡಾಕ್ಟರ ಹತ್ತಿರ ಹೋದಾಗ ಜೊತೆಗಿದ್ದದ್ದು ನಾನು. ಅವರು ಕಾಫಿ ಬಿಡಬೇಕು ಎಂದರು. ಬೇಕಾದರೆ ಅನ್ನ ಬಿಡುತ್ತೇನೆ ಎಂದಳು ಇವಳು. ಮಗನಿಗೆ ಹೇಳಬೇಡ ಎಂದು ಆಣೆ ಬೇರೆ ಹಾಕಿಸಿಕೊಂಡಳು. ಅಂದಿನಿಂದ ಅವಳ ಪೊಟ್ಟಣದಲ್ಲಿ ನೂರಕ್ಕೆ ತೊಂಬತ್ತು ಚಿಕೋರಿ, ಪರಿಮಳಕ್ಕಷ್ಟೇ ಹತ್ತು ಕಾಫಿ. "ನಮ್ಮ ನಾದನ ಕಾಫಿ ಮುಂದೆ ಯಾವುದೂ ಇಲ್ಲ" ಎಂದು ದಿನಕ್ಕೆ ನಾಲ್ಕು ಲೋಟ ಕುಡಿದಳು. ಇದು ಅವಳಿಗೂ ಗೊತ್ತಿಲ್ಲ, ಗುಣನಿಗೂ ಗೊತ್ತಿಲ್ಲ.

ಹೋಗಪ್ಪ ಗುಣಶೇಖರ. ಪುಸ್ತಕ ನೋಡಿ ಬೆರೆಸು. ಒಂದಕ್ಷರವೂ ತಪ್ಪದ ಹಾಗೆ ಬೆರೆಸು.

ಅಕ್ಟೋಬರ್ 9

ಮೂರು ದಿನದ ಹಿಂದೆ ಅವನ ಅಂಗಡಿಯಿಂದ ಕಾಲು ಕಿಲೋ ತರಿಸಿದ್ದೆ. ಹೆಸರು 'ರಿಟೈರ್ಡ್ ಇನ್ಸ್‌ಪೆಕ್ಟರ್ ಅರಂಗನಾಯಕಂ' ಎಂದು ಬರೆಸಿ ತೈಯಲ್ ನಂಬರು ಕೊಡಿಸಿದ್ದೆ. ಪುಡಿ ಕೊಂಡವರಿಗೆಲ್ಲ ಮೂರನೇ ದಿನ ಫೋನು ಬರುತ್ತದೆ. ಅದಕ್ಕೆಂದೇ ಒಬ್ಬಳು ಹುಡುಗಿಯನ್ನು ಇಟ್ಟಿದ್ದಾನೆ. ಕಾಫಿ ಹೇಗಿತ್ತು ಸಾರ್, ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ ಎಂದಳು. ಇನ್ಸ್‌ಪೆಕ್ಟರ್ ದನಿಯಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಸರ್ವಿಸಿನಲ್ಲಿ ಹಿಡಿದ ಕಳ್ಳರ ಕಥೆ, ಅದರಲ್ಲೂ ಸೋದರಮಾವನ ಮನೆಗೆ ಕನ್ನ ಹಾಕಿದವನ ಕಥೆ ವಿವರವಾಗಿ. ಸ್ಟಾರು ಕೇಳುವುದನ್ನೇ ಮರೆತಳು, ಪಾಪ.

ಅಕ್ಟೋಬರ್ 18

ಐಪ್ಪಸಿ ಹುಟ್ಟಿತು, ತುಲಾ ಮಾಸ. ಕಾವೇರಿ ಸ್ನಾನಕ್ಕೆ ಮನೆಮನೆಯಲ್ಲೂ ನೆಂಟರು. ನೆಂಟರೆದುರೇ ಕಾಫಿ ಕೆಡಬೇಕೆ! ಹತ್ತು ಗಂಟೆಗೆ ವೇದರತ್ನಂ ಕೋಲು ಹಿಡಿದು ಎದುರಂಗಡಿಗೆ ಬಂದರು.

"ಏನಯ್ಯಾ ಇದು, ಕಾಫೀನಾ? ಬೀಗರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ರು. ನಿಮ್ಮ ಮಾಮ ಕೊಡ್ತಿದ್ದ ಶುದ್ಧ ಪುಡಿ ಎಲ್ಲಿ?"

ಗುಣ ಹಾಳೆ ತೆಗೆದು ತೋರಿಸಿದ. "ನೀವು ಹೇಳಿದ್ದೇ ಸಾರ್. ಒಂದು ಕಾಳು ಚಿಕೋರಿ ಹಾಕಿಲ್ಲ."

"ಸುಳ್ಳು ಹೇಳ್ಬೇಡ. ಪೂರ್ತಿ ಚಿಕೋರಿ. ನನ್ನ ನಾಲಿಗೆಗೆ ಗೊತ್ತಾಗಲ್ವಾ?"

ನಾನು ಬಾಗಿಲಲ್ಲಿ ಕೂತು ಮುರುಕ್ಕು ತಿನ್ನುತ್ತಿದ್ದೆ. ಇಷ್ಟು ರುಚಿಯಾದ ಮುರುಕ್ಕನ್ನು ತೈಯಲ್ ಯಾವತ್ತೂ ಮಾಡಿರಲಿಲ್ಲ.

ಸಂಜೆಯ ಹೊತ್ತಿಗೆ ಹನ್ನೊಂದು ಮನೆ ವಾಪಸು.

ಅಕ್ಟೋಬರ್ 22

ಹೂ ಮಾರುವ ಅಂಜಲೈ ಬಂದಿದ್ದಳು. ಅಕ್ಕನ ಮನೆಗೂ ಇವಳೇ ಹೂ ಕೊಡುವುದು. ಬೇಡವೆಂದರೂ ಹೇಳಿದಳು. ಅಕ್ಕ ಹೇಳಿದಳಂತೆ: "ಹುಟ್ಟಿದಾಗಿಂದ ಇಂಥ ಕಾಫಿ ಕುಡಿದಿಲ್ಲ ಅಂಜಲೈ. ತಮ್ಮ ಏನೋ ಕೊಡ್ತಿದ್ದ. ಮಗ ಕೊಡೋದು ಕಾಫಿ."

ಹುಟ್ಟಿದಾಗಿನಿಂದಂತೆ. ಏನೋ ಕೊಡುತ್ತಿದ್ದನಂತೆ. ಮಗನ ಮೇಲಿನ ಮೋಹ ನಾಲಿಗೆಗೂ ಅಂಟುತ್ತದೆ.

ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ, ಮರೆಯಬಾರದೆಂದು. ಇನ್ನು ಕನಿಕರವಿಲ್ಲ. ನಾಳೆಯಿಂದ ಅವನ ಗಿರಾಕಿಗಳ ಮನೆಗೆ ಹದಿಮೂರಲ್ಲ, ಹತ್ತನೇ ದಿನಕ್ಕೇ ಹೋಗುತ್ತೇನೆ. ಕೈಯಲ್ಲಿ ಒಂದು ಹಿಡಿ ಸ್ಯಾಂಪಲ್ ಪುಡಿ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಪುಡಿಯೇ ಹೇಳುತ್ತದೆ.

ಅಕ್ಟೋಬರ್ 31

ಒಂಬತ್ತು ದಿನ ಬರೆಯಲು ಬಿಡುವಿಲ್ಲ. ಅರವತ್ತಮೂರು ಮನೆ! ಅವನ ಕಡೆ ಹೋದ ನನ್ನವು ಎಲ್ಲ ವಾಪಸು ಬಂದವು. ಫೋನು ಮಾಡುವ ಹುಡುಗಿ ಕೆಲಸ ಬಿಟ್ಟಳು. ಬೋರ್ಡಿನಲ್ಲಿ ಎರಡಕ್ಷರ ಉರಿಯುತ್ತಿಲ್ಲ, ಸರಿಮಾಡಿಸಿಲ್ಲ. ಮಾಮ ಪುಸ್ತಕಕ್ಕೆ ಏನೋ ಮಾಟ ಮಾಡಿದ್ದಾರೆ ಎಂದು ಗುಣ ಮುತ್ತುವೇಲುವಿನ ಹತ್ತಿರ ಅಂದನಂತೆ. ಮಾಟವಲ್ಲ ಮಗನೇ, ಮಂಡೆ.

ಅಂಜಲೈ ಇನ್ನೊಂದು ಹೇಳಿದಳು. ಅಕ್ಕ ಈ ವರ್ಷ ಒಂದು ದಿನವೂ ಕಾವೇರಿ ಸ್ನಾನಕ್ಕೆ ಹೋಗಿಲ್ಲವಂತೆ. ನಿದ್ದೆಯಿಲ್ಲ, ಎದೆಯೊಳಗೆ ಯಾರೋ ಅರಿಶಿನ ಕುಟ್ಟಿದ ಹಾಗಿದೆ ಎನ್ನುತ್ತಾಳಂತೆ. ಮಗನ ಅಂಗಡಿ ಮುಳುಗುವುದನ್ನು ನೋಡಿದರೆ ಯಾರಿಗಾದರೂ ಕುಟ್ಟುತ್ತದೆ.

ನವೆಂಬರ್ 3, ಮಧ್ಯಾಹ್ನ 3

ತೈಯಲ್ ಕಾಫಿ ತಂದಳು. ನನ್ನದು ಶುದ್ಧ ಪೀಬೆರಿ, ಅದರಲ್ಲಿ ರಾಜಿಯಿಲ್ಲ. ಲೋಟ ಕೊಟ್ಟವಳು ಹೋಗಲಿಲ್ಲ.

"ರೀ, ನಿಮ್ಮಕ್ಕ ಈಗ ಯಾರ ಪುಡಿ ಕುಡೀತಿದ್ದಾರೆ?"

"ಮಗನದ್ದು. ಇನ್ಯಾರದ್ದು?"

"ಅದ್ರಲ್ಲಿ ಏನಿರುತ್ತೆ?"

ಲೋಟ ಬಾಯಿಯ ಹತ್ತಿರವೇ ನಿಂತಿತು.

ಪುಸ್ತಕ ತೆಗೆದು ನೋಡಿದೆ. ಯಾಕೆ ನೋಡಿದೆನೋ. ಅಕ್ಕನ ಮನೆ ಅದರಲ್ಲಿಲ್ಲ. ಮನೆಯವರನ್ನು ಯಾರಾದರೂ ಗಿರಾಕಿ ಪುಸ್ತಕದಲ್ಲಿ ಬರೆಯುತ್ತಾರೆಯೇ.

ಹೋಗುತ್ತಿದ್ದೇನೆ.

ನವೆಂಬರ್ 4

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನೆ ಚಪ್ಪಲಿ ಹಾಕದೆ ರಸ್ತೆ ದಾಟಿದೆ. ಗುಣ ಕೌಂಟರಿನ ಹಿಂದೆ ಒಬ್ಬನೇ ಇದ್ದ. "ಬನ್ನಿ ಮಾಮಾ. ತಮಾಷೆ ನೋಡೋಕೆ ಇಷ್ಟು ದೂರ ಯಾಕೆ ಬಂದ್ರಿ? ಅಲ್ಲಿಂದ್ಲೇ ಚೆನ್ನಾಗಿ ಕಾಣ್ತಿತ್ತಲ್ಲ."

"ಅಮ್ಮಂಗೆ ಯಾವ ಪುಡಿ ಕೊಡ್ತಿದೀಯ?"

"ನಂಬರ್ ಒನ್ ಪೀಬೆರಿ. ನೂರಕ್ಕೆ ನೂರು. ನಮ್ಮಮ್ಮನಾದ್ರೂ ನನ್ನ ಕಾಫಿ ಕುಡಿದು ಚೆನ್ನಾಗಿದೆ ಅಂತಾಳೆ. ಅದನ್ನೂ ಕಿತ್ಕೊಳ್ಳೋಕೆ ಬಂದ್ರಾ?"

ಹೇಳಿದೆ. ಡಾಕ್ಟರು, ಆಣೆ, ತೊಂಬತ್ತು, ಹತ್ತು. ಅರ್ಧ ಹೇಳುವಷ್ಟರಲ್ಲಿ ಷಟರ್ ಎಳೆದ. ಬೀಗ ಹಾಕಲಿಲ್ಲ. ಅವನ ಸ್ಕೂಟರಿನ ಹಿಂದೆ ಕೂತೆ. ಮುನ್ನೂರ ನಲವತ್ತು ಮನೆಯ ಲೆಕ್ಕ ಬಲ್ಲವನಿಗೆ ಅವಳು ಈ ಪುಡಿ ಕುಡಿಯಲು ಶುರುಮಾಡಿ ಎಷ್ಟು ದಿನವಾಯಿತು ಎಂದು ಎಣಿಸಲು ಬೆರಳು ಬೇಕಾಯಿತು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ತುಟಿ ಬಿಳಿಚಿತ್ತು. ಪಕ್ಕದಲ್ಲಿ ಲೋಟ.

ಎದೆ ಬಡಿತ ತಾಳ ತಪ್ಪಿದೆ, ಸರಿಯಾದ ಹೊತ್ತಿಗೆ ತಂದಿರಿ ಎಂದರು ಡಾಕ್ಟರು. ಯಾರು ತಂದದ್ದು ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಮೆಟ್ಟಿಲ ಮೇಲೆ ಗುಣ ನನ್ನ ಪಕ್ಕ ಬಂದು ಕೂತ. ಆಮೇಲೆ ಮೆಲ್ಲಗೆ, "ಹಾಗಾದ್ರೆ ಮಾಮಾ... ತಹಸೀಲ್ದಾರ್ ಮನೇದು?"

ಕೆಮ್ಮಿದೆ. ಕೆಳಗಿಳಿದು ಹೋದೆ. ಅಂಥ ಹೊತ್ತಿನಲ್ಲೂ ಬಾಯಿ ಬಿಡಲಿಲ್ಲ, ಹೆಮ್ಮೆಯೋ ಹೊಟ್ಟೆಕಿಚ್ಚೋ.

ನವೆಂಬರ್ 8

ಅಕ್ಕನನ್ನು ಮೊನ್ನೆ ಮನೆಗೆ ಕರೆತಂದಿದ್ದಾರೆ. ಇವತ್ತು ಹೇಳಿ ಕಳಿಸಿದಳು. ಹೊಗಳುತ್ತಾಳೆ ಎಂದುಕೊಂಡು ಒಗೆದ ವೇಷ್ಟಿ ಉಟ್ಟು ಹೋದೆ. ಗುಣ ಅವಳಿಗೆ ಎಲ್ಲ ಹೇಳಿದ್ದಾನೆ.

"ಎಂಟು ವರ್ಷ ನಂಗೆ ಬರೀ ಚಿಕೋರಿ ಬೇರು ಕುಡಿಸ್ದೆ, ಅಲ್ವೇನೋ ನಾದಾ."

"ನಿನ್ನ ಎದೆಗೋಸ್ಕರ ಅಕ್ಕಾ."

"ಎದೆ ನಂದು ತಾನೇ? ಒಂದು ಮಾತು ಹೇಳ್ಬೋದಿತ್ತು. ಆಯ್ತು, ಅದನ್ನ ಬಿಡ್ತೀನಿ. ಊರಲ್ಲಿರೋ ಮನೆಗೆಲ್ಲ ಹೋಗಿ ಡಬ್ಬ ಖಾಲಿಯಾಯ್ತಾ ಅಂತ ಕೇಳ್ತೀಯಲ್ಲ, ನಲವತ್ತು ದಿನ ನಮ್ಮನೆಗೆ ಯಾಕೋ ಬರ್ಲಿಲ್ಲ?"

ಉದ್ಘಾಟನೆಯ ದಿನ ಕತ್ತು ತಿರುಗಿಸಲಿಲ್ಲವಲ್ಲ ನೀನು ಎಂದು ನಾಲಿಗೆಯ ತುದಿಗೆ ಬಂತು. ನುಂಗಿದೆ.

ಆಮೇಲೆ ತೀರ್ಪು ಕೊಟ್ಟಳು. ಮಲಗಿದ್ದಲ್ಲಿಂದಲೇ, ಹೈಕೋರ್ಟಿನ ಹಾಗೆ. ಇನ್ನು ಮೇಲೆ ಅವಳು ಆ ಚಿಕೋರಿಯನ್ನೇ ಕುಡಿಯುತ್ತಾಳೆ, ಗೊತ್ತಿದ್ದೇ ಕುಡಿಯುತ್ತಾಳೆ. ಆದರೆ ಒಬ್ಬಳೇ ಅಲ್ಲ. ದಿನಾ ಬೆಳಗ್ಗೆ ಆರಕ್ಕೆ ನಾನು ಹೋಗಬೇಕು. ಅವಳೆದುರು ಕೂತು ಅದೇ ಪುಡಿಯ ಒಂದು ಲೋಟ ಕುಡಿಯಬೇಕು. ಮುಖ ಸಿಂಡರಿಸಬಾರದು. ಕುಡಿದ ಮೇಲೆ "ನಾದನ ಕಾಫಿ ಮುಂದೆ ಯಾವುದೂ ಇಲ್ಲ" ಎಂದು ಹೇಳಬೇಕು. ಜೋರಾಗಿ.

ನಲವತ್ತು ವರ್ಷದಿಂದ ಶುದ್ಧ ಪೀಬೆರಿ ಬಿಟ್ಟು ಬೇರೇನೂ ಮುಟ್ಟದ ನಾಲಿಗೆ ಇದು! ಎಷ್ಟು ದಿನ ಎಂದು ಕೇಳಿದೆ.

"ಎಂಟು ವರ್ಷ," ಎಂದಳು. "ಅಷ್ಟು ದಿನ ನಾನಿರೋ ಹಾಗೆ ನೋಡ್ಕೋ."

ಗುಣ ಅಡಿಗೆಮನೆಯ ಕಡೆ ತಿರುಗಿ ನಿಂತಿದ್ದ. ಹೆಗಲು ಅಲ್ಲಾಡುತ್ತಿತ್ತು. ನಗುತ್ತಿದ್ದಾನೆ ಎಂದುಕೊಂಡೆ. ತಿರುಗಿದಾಗ ಕಣ್ಣು ಒರೆಸಿಕೊಂಡ. ಎರಡೂ ಇರಬಹುದು.

ನವೆಂಬರ್ 9, ಬೆಳಗ್ಗೆ 5.40

ಮುಖ ತೊಳೆದಾಯಿತು. ತಟ್ಟಿಯ ಹಿಂದೆ ನಾನೇ ಬೆರೆಸಿದೆ. ಕೈ ಒಂದು ಚಮಚ ಕಾಫಿ ಹೆಚ್ಚಿಗೆ ಹಾಕಲು ಹೋಯಿತು, ನನ್ನ ಲೋಟಕ್ಕಾಗಿ. ಹಿಂದೆಗೆದೆ.

ಹೊರಗೆ ಗುಣನ ಸ್ಕೂಟರಿನ ಹಾರನ್ನು. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾನೆ, ತಪ್ಪಿಸಿಕೊಳ್ಳುತ್ತೇನೆಂದು ಅಕ್ಕನೇ ಕಳಿಸಿರಬೇಕು. ದಾರಿಯಲ್ಲಿ ತಹಸೀಲ್ದಾರರ ಮನೆಯ ವಿಷಯ ಮತ್ತೆ ಕೇಳುತ್ತಾನೆ. ಇವತ್ತು ಹೇಳಿದರೂ ಹೇಳಬಹುದು. ಅದೊಂದೇ. ಲಾಯರ್ ಮನೆಯದನ್ನು ಸತ್ತರೂ ಹೇಳುವುದಿಲ್ಲ.

ಹೊರಡುವ ಮುಂಚೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ. ಇಲ್ಲೂ ಬರೆದಿಡುತ್ತೇನೆ.

ಮನೆ ನಂಬರ್ 341. ಸೌಂದರವಲ್ಲಿ. ಚಿಕೋರಿ ತೊಂಬತ್ತು, ಕಾಫಿ ಹತ್ತು. ಕಾಲು ಕಿಲೋ. ಕುಡಿಯುವವರು ಇಬ್ಬರು. ಡಬ್ಬ ಖಾಲಿಯಾಗುವ ದಿನ —