ಸಂತೆಮಾಳ ಖಾಲಿ ಇತ್ತಂತೆ

ಬೇಲೂರು
೯-೬-೨೦೦೩

ಮಗನಂಥ ಸತೀಶನಿಗೆ ನಿನ್ನ ದೊಡ್ಡಪ್ಪ ಹರಸಿ ಬರೆಯುವುದು.

ನಿನ್ನ ಕಾಗದ ತಲುಪಿತು. ಊರಿನ ಹೊಸ ನಕ್ಷೆಯ ಮೇಲೆ ನಾನು ಕೊಟ್ಟ ತಕರಾರನ್ನು ವಾಪಸು ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ನೀನು ಕೆಲಸ ಮಾಡುವ ಯೋಜನಾ ಕಚೇರಿಯಲ್ಲಿ ಸಾಹೇಬರು ನಿನ್ನ ಮೇಲೆ ಮುನಿಯುತ್ತಾರೆ ಎಂದು ಬರೆದಿದ್ದೀಯ. ಮುನಿಯಲಿ ಬಿಡು. ಇಪ್ಪತ್ತು ವರ್ಷ ಮುಂದಿನ ಬೇಲೂರನ್ನು ಕಂಡ ಆ ಮಹಾನುಭಾವರಿಗೆ ವಾರಕ್ಕೊಮ್ಮೆ ನೆರೆಯುವ ಸಂತೆ ಕಾಣಲಿಲ್ಲ. ಸಂತೆಯಿಲ್ಲದ ದಿನ ಬಂದು ಅಳೆದು, ಸಂತೆಮಾಳವನ್ನು ಖಾಲಿ ಜಾಗವೆಂದು ಬರೆದು, ಪ್ರವಾಸಿಗಳ ಬಸ್ಸು ನಿಲ್ಲಿಸಲು ಕೊಟ್ಟುಬಿಟ್ಟರು. ಸಂತೆಯನ್ನು ಹಳೇಬೀಡು ರಸ್ತೆಯಲ್ಲಿ ಊರಾಚೆಗೆ ಎಸೆದರು.

"ನಾವು ನೋಡಿದಾಗ ಅಲ್ಲಿ ಏನೂ ಇರಲಿಲ್ಲವಲ್ಲ, ಯಜಮಾನ್ರೇ?" ಎಂದರು ನಿನ್ನ ಸಾಹೇಬರು, ನಾನು ತಕರಾರು ಕೊಡಲು ಹೋದಾಗ.

"ಭಾನುವಾರ ನಿಮ್ಮ ಆಫೀಸಲ್ಲೂ ಯಾರೂ ಇರಲ್ಲ ಸ್ವಾಮಿ, ಅಲ್ಲೂ ಬಸ್ ನಿಲ್ಸಿ" ಎಂದೆ. ನಗಲೂ ಬಾರದ ಜನ.

ನನ್ನದು ಹಗ್ಗದ ವ್ಯಾಪಾರ, ಹೇಗೋ ನಡೆದೀತು. ನನ್ನ ಪಕ್ಕದಲ್ಲಿ ಸೊಪ್ಪು ಮಾರುವ ಗೆಂಡೆಹಳ್ಳಿಯ ಮರಿಯಮ್ಮ, "ಬಸ್ಸಿಳಿದು ಅಷ್ಟು ದೂರ ಹೊರೆ ಹೊತ್ಕೊಂಡು ಹೆಂಗೆ ಹೋಗ್ಲಣ್ಣ? ಹೋದ್ರೂ ಕೊಳ್ಳೋರು ಯಾರು ಬತ್ತಾರೆ?" ಎಂದು ಕೇಳುತ್ತಾಳೆ. ಅವಳ ಮನೆ ನಡೆಯುವುದೇ ಸಂತೆಯ ದಿನದ ದುಡಿಮೆಯಲ್ಲಿ.

ತಕರಾರು ವಾಪಸಿಲ್ಲ. ಗುರುವಾರ ವಿಚಾರಣೆಗೆ ಅವಳನ್ನೂ ಕರೆದುಕೊಂಡು ಬರುತ್ತೇನೆ. ನೀನು ಸಾಹೇಬರ ಪಕ್ಕದಲ್ಲೇ ಕೂತಿರು. ನಮ್ಮ ನಂಟಿನ ಮಾತು ನಾನು ಎತ್ತುವುದಿಲ್ಲ.

ಮುಗಿದ ಮೇಲೆ ಊಟಕ್ಕೆ ಮನೆಗೆ ಬಾ. ನಿನ್ನ ದೊಡ್ಡಮ್ಮ ಮುದ್ದೆ, ಹುರುಳಿ ಬಸ್ಸಾರು ಮಾಡುತ್ತಾಳೆ. ಅಂದು ಮರಿಯಮ್ಮನೂ ನಮ್ಮಲ್ಲೇ ಉಣ್ಣುತ್ತಾಳೆ. ಅವಳ ಎದುರಿಗೆ ಕೂತು ನಿನಗೆ ತುತ್ತು ಇಳಿಯುವುದಾದರೆ ಹೊಟ್ಟೆ ತುಂಬ ಉಂಡು ಹೋಗು.

ಇಂತಿ,
ಜವರಣ್ಣ