ಇಬ್ಬರ ಮನೆಗೆ ಎಷ್ಟು ನೀರು?

ಮಂಗಳವಾರ, ಹದಿನಾಲ್ಕನೇ ತಾರೀಖು.

ಆ ಲೆಕ್ಕ ತಲೆಯಿಂದ ಇಳಿಯುತ್ತಿಲ್ಲ. ನಮ್ಮ ವಿಶ್ವವಿದ್ಯಾಲಯದ ಮುಕ್ತ ಪಠ್ಯಕ್ಕೆ ನೀರಿನ ಪಾಠ ಬರೆದಾಗ ಉದಾಹರಣೆಗೆ ನನ್ನ ಮನೆಯನ್ನೇ ಹಾಕಿದ್ದೆ. ಅಪ್ಪ ಅಂದರೆ ನಾನು, ಜೊತೆಗೆ ಹೆಂಡತಿ, ಮಗಳು, ಅಜ್ಜಿ ಅಂದರೆ ನನ್ನ ಅಮ್ಮ. ನಾಲ್ವರಿಗೆ ದಿನಕ್ಕೆ ಎಷ್ಟು ನೀರು? ಅಜ್ಜಿಯ ಸ್ನಾನಕ್ಕೆ ಅರ್ಧ ಬಕೆಟ್ ಸಾಕು. ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು, ನನ್ನ ಹೆಸರೊಂದು ಉಳಿಸಿದರಾಯಿತು ಎಂದು ಸಹಿಯನ್ನೂ ಹಾಕಿದ್ದೆ.

ಹೋದ ವರ್ಷ ಬೇರೊಂದು ವಿಶ್ವವಿದ್ಯಾಲಯ ತಿದ್ದಿದ ಪ್ರತಿಯಲ್ಲಿ ಅಜ್ಜಿ ಇರಲಿಲ್ಲ. ಅದೇ ವಾರ ಅಮ್ಮ ತೀರಿಕೊಂಡರು. ಕಾಕತಾಳೀಯ ಎಂದುಕೊಂಡೆ. ಇವತ್ತು ಬಂದ ಪ್ರತಿಯಲ್ಲಿ ಅಪ್ಪನೂ ಇಲ್ಲ. ಹಂಚಿದವನು ನಾನು, ಹೊಂಚಿದವನು ಯಾರೋ.

"ಸರ್, ನಿಮ್ಮನ್ನ ಮನೆಯಿಂದಾನೇ ಹೊರಗೆ ಹಾಕ್ಬಿಟ್ಟಿದಾರೆ! ಹೋಗ್ಲಿ ಬಿಡಿ, ನೀರಾದ್ರೂ ಉಳೀತು," ಎಂದು ಗ್ರಂಥಪಾಲಕಿ ನಕ್ಕಳು. ನಾನೂ ನಕ್ಕೆ.

ಸಂಜೆ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಎರಡೇ ತಟ್ಟೆ.

"ಅಯ್ಯೋ, ಮರ್ತೇ ಹೋಯ್ತು ರೀ. ಯಾಕೋ ನಾವಿಬ್ರೇ ಅನ್ನಿಸ್ಬಿಡ್ತು," ಎಂದಳು ಹೆಂಡತಿ.

"ಹೊಟ್ಟೆ ಕರಗಿಸ್ಬೇಕು ಅಂತಿದ್ಯಲ್ಲಪ್ಪ, ಶುರು ಮಾಡು," ಎಂದಳು ಮಗಳು. ನಾನೇ ಎದ್ದು ಮೂರನೇ ತಟ್ಟೆ ತಂದಿಟ್ಟುಕೊಂಡೆ.

ತಿದ್ದುವ ಹಕ್ಕು ಎಲ್ಲರಿಗೂ ಇದ್ದರೆ ನನಗೂ ಇದೆ. ಈಗಷ್ಟೇ ಆ ಪ್ರತಿ ತೆರೆದು ಅಪ್ಪನನ್ನು ಮತ್ತೆ ಸೇರಿಸಿದೆ. ನನ್ನನ್ನು ಒಳಗೆ ಕರೆದುಕೊಂಡು ಅಮ್ಮನನ್ನು ಹೊರಗೇ ಬಿಡಲು ಮನಸ್ಸು ಬರಲಿಲ್ಲ. ನಾಲ್ವರು ಎಂದೇ ಬರೆದು ಎಲ್ಲರಿಗೂ ಹಂಚಿಬಿಟ್ಟೆ.

ಹೆಂಡತಿ, ಮಗಳು ಇಬ್ಬರೂ ಮಲಗಿದ್ದಾರೆ. ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬೀಳುತ್ತಿದೆ. ಅದು ತುಂಬುವ ಸದ್ದು ನನಗೆ ಗೊತ್ತು.

ಅರ್ಧಕ್ಕೇ ನಿಂತಿತು. ಈಗ ಬಚ್ಚಲ ಬಾಗಿಲು ತೆರೆ—